ಕೇಳಿ ತಿಳಿಯುವ ಅಭ್ಯಾಸ

ಪಾಠ ಮುಗಿದೊಡನೆ ಅಧ್ಯಾಪಕರು ತರಗತಿಯತ್ತ ನೋಡಿ, "ಎಲ್ಲರಿಗೂ ತಿಳಿಯಿತೇ?" ಎಂದು ಕೇಳುವುದು ವಾಡಿಕೆ. "ತಿಳಿಯಿತು" ಎಂಬ ಒಕ್ಕೊರಲ ಉತ್ತರವೂ ಅಷ್ಟೇ ವಾಡಿಕೆ. ಆ ಒಕ್ಕೊರಲಿನಲ್ಲಿ ನಿಜವಾಗಿ ತಿಳಿದವರೆಷ್ಟು, ಸಂಕೋಚದಿಂದ ದನಿಗೂಡಿಸಿದವರೆಷ್ಟು ಎಂಬುದು ಉತ್ತರಪತ್ರಿಕೆಗಳು ಕೈಗೆ ಬಂದಾಗಲೇ ಗೋಚರವಾಗುತ್ತದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಪಾಠ ಹಿಡಿಯಲಾರದ ವಿದ್ಯಾರ್ಥಿಯು ಮೊದಲು ಹಿಂದಿನ ಬೆಂಚಿಗೆ ಸರಿಯುತ್ತಾನೆ. ಅನಂತರ ಆಗಾಗ ಗೈರುಹಾಜರಾಗುತ್ತಾನೆ. ಕಡೆಗೊಂದು ದಿನ ಶಾಲೆಯನ್ನೇ ತೊರೆಯುತ್ತಾನೆ. ಸಕಾಲದಲ್ಲಿ ಕೇಳಿದ ಒಂದು ಪ್ರಶ್ನೆ ಅವನನ್ನು ಉಳಿಸಬಹುದಾಗಿತ್ತು. ಆದುದರಿಂದ ಸಹಾಯ ಕೇಳುವುದನ್ನೂ ಓದು ಬರಹಗಳಂತೆಯೇ ಕಲಿಸಬೇಕಾದ ಒಂದು ವಿದ್ಯೆಯೆಂದು ಶಾಲೆಯು ಭಾವಿಸತಕ್ಕದ್ದು.

ಮೌನಕ್ಕೆ ಕಾರಣಗಳು

ಸಹಪಾಠಿಗಳು ನಕ್ಕಾರೆಂಬ ಭಯ, ಗುರುಗಳು ಗದರಿಯಾರೆಂಬ ಅಳುಕು ಎಲ್ಲರಿಗೂ ತಿಳಿದ ಕಾರಣಗಳೇ. ಕೇಳಿದರೆ ದಡ್ಡನೆನಿಸಿಕೊಳ್ಳುವೆನೆಂಬ ತಪ್ಪು ಭಾವನೆ ಇನ್ನೊಂದು. ಇವುಗಳಿಗಿಂತಲೂ ಆಳವಾದ ಕಾರಣವೊಂದುಂಟು: ಏನನ್ನು ಕೇಳಬೇಕೆಂಬುದೇ ಅನೇಕರಿಗೆ ತಿಳಿಯದು. "ಏನೂ ಅರ್ಥವಾಗಲಿಲ್ಲ" ಎನ್ನುವ ಬಾಲಕನಿಗೆ ತನ್ನ ತೊಡಕು ಯಾವ ಹೆಜ್ಜೆಯಲ್ಲಿದೆ ಎಂಬುದು ಕಾಣುತ್ತಿರುವುದಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳಿಗಂತೂ ಗೃಹಪಾಠದ ವೇಳೆ ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಎರಡು ಬಗೆಯ ಸಹಾಯ

ಅಮೆರಿಕದ ಮನೋವಿಜ್ಞಾನಿ ಶೇರನ್ ನೆಲ್ಸನ್-ಲಿ ಗಾಲ್ ಅವರು 1980ರ ದಶಕದಲ್ಲಿ ಈ ವಿಷಯವನ್ನು ಕುರಿತು ಬರೆಯುತ್ತ ಸಹಾಯ ಕೇಳುವುದರಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಸಿದ್ಧ ಉತ್ತರವನ್ನು ಪಡೆದು ಕೆಲಸ ಮುಗಿಸಿಕೊಳ್ಳುವುದು ಒಂದು. ತಾನೇ ಬಿಡಿಸಲು ಬೇಕಾದಷ್ಟು ಸುಳುಹನ್ನು ಮಾತ್ರ ಪಡೆಯುವುದು ಮತ್ತೊಂದು. ಮೊದಲನೆಯದು ಪರಾವಲಂಬನೆಯನ್ನು ಬೆಳೆಸಿದರೆ, ಎರಡನೆಯದು ಸ್ವಾವಲಂಬನೆಗೆ ದಾರಿ ಮಾಡುತ್ತದೆ.

ಭಿನ್ನರಾಶಿಗಳ ಸಂಕಲನವನ್ನೇ ತೆಗೆದುಕೊಳ್ಳಬಹುದು. 1/2 ಕ್ಕೆ 1/3 ಕೂಡಿಸಿ ಎಂದರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆಯುವ ಮಕ್ಕಳು ಬಹಳ. ಅಂಥವನಿಗೆ "ಉತ್ತರ 5/6" ಎಂದು ಹೇಳಿಬಿಟ್ಟರೆ ಆ ಲೆಕ್ಕವೊಂದು ಸರಿಯಾದೀತು, ಮುಂದಿನದು ಮತ್ತೆ ತಪ್ಪೀತು. ಅದರ ಬದಲು, "ಅರ್ಧ ರೊಟ್ಟಿಗೆ ಇನ್ನೊಂದಿಷ್ಟು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ?" ಎಂದು ಕೇಳಿದರೆ ಸಾಕು. 2/5 ಎಂಬುದು ಅರ್ಧಕ್ಕಿಂತ ಚಿಕ್ಕದೆಂದು ಕಂಡುಕೊಂಡವನು ತಾನಾಗಿಯೇ, "ಹಾಗಾದರೆ ಛೇದಗಳನ್ನು ಮೊದಲು ಒಂದೇ ಮಾಡಬೇಕೇ?" ಎಂದು ಕೇಳುವ ಹಂತಕ್ಕೆ ಬರುತ್ತಾನೆ. ತೊಡಕಿನ ಸ್ಥಳವನ್ನು ತೋರಿಸುವ ಇಂಥ ಪ್ರಶ್ನೆ ಅರ್ಧ ಕಲಿಕೆಗೆ ಸಮ.

ಅಧ್ಯಾಪಕರ ಹೊಣೆ

ಅಮೆರಿಕದ ತರಗತಿಗಳನ್ನು ಪರಿಶೀಲಿಸಿದ ಮೇರಿ ಬಡ್ ರೋ ಅವರು 1974ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು ಮಾತ್ರ. ಆ ಅವಧಿಯನ್ನು ಮೂರು ಸೆಕೆಂಡುಗಳಿಗೆ ಅಥವಾ ಅದಕ್ಕೂ ಹೆಚ್ಚಿಗೆ ವಿಸ್ತರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು. ಅವರೇ ಕೇಳುವ ಪ್ರಶ್ನೆಗಳೂ ಹೆಚ್ಚಿದವು. ಇಷ್ಟು ತಾಳ್ಮೆಗೆ ಹಣದ ವೆಚ್ಚವಿಲ್ಲ. ಗಣಿತಜ್ಞ ಜಾರ್ಜ್ ಪೋಲ್ಯ ಅವರು 1945ರ ತಮ್ಮ 'ಹೌ ಟು ಸಾಲ್ವ್ ಇಟ್' ಗ್ರಂಥದಲ್ಲಿ, ಗುರುವು ಕೊಡುವ ನೆರವು ಅತಿಯೂ ಆಗಬಾರದು, ಕೊರತೆಯೂ ಆಗಬಾರದು ಎಂಬ ಹದವನ್ನು ಬೋಧಿಸಿದ್ದಾರೆ.

"ತಿಳಿಯಿತೇ?" ಎಂಬುದರ ಬದಲು "ಯಾವ ಹೆಜ್ಜೆಯಲ್ಲಿ ತೊಡಕಾಯಿತು?" ಎಂದು ಕೇಳುವುದು ಮೇಲು. ಅಲ್ಲಿ ತೊಡಕಿದ್ದೇ ಇರುತ್ತದೆ, ಅದು ಅಪಮಾನವಲ್ಲ ಎಂಬ ಭರವಸೆ ಈ ಪ್ರಶ್ನೆಯಲ್ಲಿಯೇ ಅಡಗಿದೆ. ಬಾಯಿಬಿಟ್ಟು ಹೇಳಲಾರದವರು ಸಂದೇಹವನ್ನು ಚೀಟಿಯಲ್ಲಿ ಬರೆದು ಕೊಡಲಿ. ಮರುದಿನ ಹೆಸರೆತ್ತದೆ ಅದನ್ನು ಕಪ್ಪುಹಲಗೆಯ ಮೇಲೆ ಬಿಡಿಸಬಹುದು. "ಇಲ್ಲಿಯವರೆಗೆ ಬಂತು, ಮುಂದಿನದು ತೋಚದು" ಎಂದು ಹೇಳುವ ಕ್ರಮವನ್ನು ಮಕ್ಕಳಿಗೆ ರೂಢಿಮಾಡಿಸಬೇಕು. ಹಾಗೆ ಕೇಳಿದ ವಿದ್ಯಾರ್ಥಿಯನ್ನು ತರಗತಿಯ ಎದುರಿನಲ್ಲಿ ಒಮ್ಮೆ ಹೀಯಾಳಿಸಿದರೆ ಅವನೊಬ್ಬನಲ್ಲ, ಸುತ್ತಲಿನ ಹತ್ತು ಮಂದಿ ಬಾಯಿ ಮುಚ್ಚುತ್ತಾರೆ.

ಸಂಜೆಯ ಓದಿನ ವೇಳೆ

ಪ್ರಸಾದ ನಿಲಯದಲ್ಲಿ ತಂದೆತಾಯಿಗಳಿಂದ ದೂರವಿದ್ದು ಓದುವ ಮಕ್ಕಳಿಗೆ ಸಂಜೆಯ ವೇಳೆಯೇ ನಿಜವಾದ ಪರೀಕ್ಷೆ. ಪುಸ್ತಕದ ಮುಂದೆ ಕುಳಿತು ಒಂದೇ ಪುಟವನ್ನು ನೋಡುತ್ತಿರುವ ಹುಡುಗನನ್ನು ಓದುತ್ತಿರುವವನೆಂದು ತಿಳಿಯುವುದು ಸುಲಭ. ಮೇಲ್ತರಗತಿಯ ವಿದ್ಯಾರ್ಥಿಯೊಬ್ಬನು ಕೆಳತರಗತಿಯ ನಾಲ್ವರ ಬಳಿ ಕುಳಿತರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಗುರುಗಳೆದುರು ಬಾರದ ಪ್ರಶ್ನೆ ಅಣ್ಣನಂಥವನ ಎದುರು ಬರುತ್ತದೆ. ಕಲಿಸುವವನ ತಿಳಿವಳಿಕೆಯೂ ಇದರಿಂದ ಗಟ್ಟಿಗೊಳ್ಳುತ್ತದೆ.

ದಾನಿಗಳು ಕಟ್ಟಡ ಕಟ್ಟಿಸುತ್ತಾರೆ, ದಾಸೋಹಕ್ಕೆ ನೆರವಾಗುತ್ತಾರೆ, ಅದು ಸ್ತುತ್ಯರ್ಹವಾದುದು. ಅದೇ ಕಟ್ಟಡದಲ್ಲಿ ಸಂಜೆ ಎರಡು ಗಂಟೆ ಮಕ್ಕಳ ಸಂದೇಹಗಳಿಗೆ ಕಿವಿಗೊಡುವ ಒಬ್ಬ ಅಧ್ಯಾಪಕರ ಗೌರವಧನವೂ ಅಷ್ಟೇ ಪುಣ್ಯದ ಕಾರ್ಯ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ತಮ್ಮ ಗೆಲುವುಗಳ ಜೊತೆಗೆ, ತಾವು ಯಾವ ಪಾಠದಲ್ಲಿ ತಡವರಿಸಿ ಯಾರನ್ನು ಕೇಳಿ ಮುಂದೆ ಬಂದೆವೆಂಬುದನ್ನೂ ಮಕ್ಕಳಿಗೆ ಹೇಳುವುದು ಒಳಿತು. ದೊಡ್ಡವರಾದವರೂ ಒಮ್ಮೆ ಕೇಳಿಯೇ ಕಲಿತವರೆಂದು ತಿಳಿದ ಮಗುವಿಗೆ ಕೈಯೆತ್ತಲು ಧೈರ್ಯ ಬರುತ್ತದೆ. ಆ ಎತ್ತಿದ ಕೈಯನ್ನು ಗಮನಿಸುವ ಕಣ್ಣು ಪ್ರತಿ ತರಗತಿಯಲ್ಲಿಯೂ ಇರಲಿ.