ಸಿಂಹಾವಲೋಕನ: ಒಬ್ಬ ಚಿತ್ರಕಾರರ ಐವತ್ತು ವರ್ಷಗಳು

2018ನೆಯ ಇಸವಿಯಲ್ಲಿ ಹತ್ತನೆಯ ತರಗತಿಯ ಕೆಲವು ಮಂದಿ ಬಾಲಿಕೆಯರನ್ನು ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದು, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶ್ರೀ ಎಸ್. ಜಿ. ವಾಸುದೇವ್ ಅವರ ಚಿತ್ರಗಳನ್ನು ತೋರಿಸಿಕೊಂಡು ಬಂದೆನು. ಹಿಂದಿರುಗಿದ ವಾರದಲ್ಲಿಯೇ ಕಂಪ್ಲಿಯ ಕಡೆಯ ಒಬ್ಬ ತಂದೆಯವರು ಶಾಲೆಗೆ ಬಂದು, "ಅಮ್ಮನವರೇ, ಅಲ್ಲಿ ಏನನ್ನು ನೋಡಿದಿ ಎಂದು ಕೇಳಿದರೆ ನನ್ನ ಮಗಳಿಗೆ ಹೇಳುವುದಕ್ಕೇ ಬರುವುದಿಲ್ಲ. ಬರಿಯ ಬಣ್ಣ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ?" ಎಂದು ವಿನಯದಿಂದಲೇ ಕೇಳಿದರು. ಆ ದಿನ ನಾನು ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಅದನ್ನು ಈಗ ಬರೆಯುತ್ತಿದ್ದೇನೆ.

ಒಬ್ಬ ಚಿತ್ರಕಾರರ ಬಾಳುವೆಯ ಕೃತಿಗಳನ್ನೆಲ್ಲ ಮೊದಲಿನಿಂದ ಕೊನೆಯ ವರೆಗೆ ಒಂದೆಡೆ ಕೂಡಿಸಿ ತೋರಿಸುವುದನ್ನು ನಾವು ಸಿಂಹಾವಲೋಕನವೆಂದು ಕರೆಯುತ್ತೇವೆ. ಇದು ಬಹಳ ಒಳ್ಳೆಯ ಮಾತು. ಸಿಂಹವು ಸ್ವಲ್ಪ ದೂರ ನಡೆದು, ನಿಂತು, ಬಂದ ದಾರಿಯನ್ನು ತಿರುಗಿ ನೋಡುವುದಂತೆ. ಸಾಧಾರಣ ಪ್ರದರ್ಶನದಲ್ಲಿ ನಾವು ಚಿತ್ರವನ್ನು ಮಾತ್ರ ಕಾಣುತ್ತೇವೆ. ಇಲ್ಲಿಯಾದರೋ ನಡೆದು ಬಂದ ಹೆಜ್ಜೆಗಳನ್ನೂ ಕಾಣುತ್ತೇವೆ.

ವಾಸುದೇವ್ ಅವರು 1941ರಲ್ಲಿ ಮೈಸೂರಿನಲ್ಲಿ ಜನಿಸಿದವರು. ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಎಂಬ ದೊಡ್ಡ ಗುರುಗಳ ಬಳಿಯಲ್ಲಿ ಕಲಿತರು. 1966ರಲ್ಲಿ ಆ ಗುರುವೂ ಶಿಷ್ಯರೂ ಸೇರಿ ಪಟ್ಟಣದ ದಕ್ಷಿಣಕ್ಕೆ, ಸಮುದ್ರದ ದಡದಲ್ಲಿ, ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಸ್ಥಾಪಿಸಿದರು. ತಾಯಿತಂದೆಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಅಪೇಕ್ಷೆ. ಚಿತ್ರ ಬರೆದು ಹೊಟ್ಟೆ ಹೊರೆಯುವುದೆಂತು ಎಂಬ ನಿಮ್ಮ ಪ್ರಶ್ನೆ ಅವರಿಗೂ ಇತ್ತು. ಅವರು ಬಟ್ಟೆಯ ಮೇಲೆ ಮೇಣವಿಟ್ಟು ಬಣ್ಣ ಅದ್ದುವ ಬಾಟಿಕ್ ಮೊದಲಾದ ಕೈಕೆಲಸಗಳನ್ನು ಮಾಡಿ ಮಾರಿ, ಆ ಹಣದಿಂದ ಜೀವನ ಮಾಡುತ್ತ, ಉಳಿದ ವೇಳೆಯಲ್ಲಿ ತಮ್ಮ ಮನಸ್ಸಿನ ಚಿತ್ರಗಳನ್ನು ಬರೆದರು. ವಾಸುದೇವ್ ಅವರ ಪತ್ನಿ ಅರ್ನವಾಜ್ ಅವರೂ ಅಲ್ಲಿಯ ಚಿತ್ರಗಾರ್ತಿಯೇ, 1988ರಲ್ಲಿ ತೀರಿಕೊಂಡರು. ಆಕೆಗೂ ಐವತ್ತು ವರ್ಷಗಳ ಅವಕಾಶ ದೊರೆತಿದ್ದರೆ ಏನೇನು ನೋಡುತ್ತಿದ್ದೆವೋ ಎಂದು ನನಗೆ ಆಗಾಗ ಅನಿಸುವುದುಂಟು.

ವಾಸುದೇವ್ ಅವರ ಹೆಸರಾದ ಚಿತ್ರಮಾಲೆ 'ವೃಕ್ಷ'. ಇದಕ್ಕೆ ಪ್ರೇರಣೆ ನಮ್ಮ ಬೇಂದ್ರೆಯವರ ಕವಿತೆ. ಆ ಮರದಲ್ಲಿ ಎಲೆ ಯಾವುದು, ಹಕ್ಕಿ ಯಾವುದು, ಮುಖ ಯಾವುದು ಎಂದು ಬೇರ್ಪಡಿಸಲಾಗದು. ಅದೇ ಕೈ ಮುಂದೆ ತಾಮ್ರದ ತಗಡಿನಲ್ಲಿ ಉಬ್ಬುಚಿತ್ರಗಳನ್ನು ಮಾಡಿತು. ನೇಕಾರರೊಡನೆ ಕೂಡಿ ರೇಷ್ಮೆಯಲ್ಲಿ ಚಿತ್ರಗಳನ್ನು ನೇಯಿಸಿತು. 1970ರ 'ಸಂಸ್ಕಾರ' ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿತು. ಸದಾನಂದ ಮೆನನ್ ಅವರು ಅಣಿಗೊಳಿಸಿದ ಈ ಪ್ರದರ್ಶನದ ಹೆಸರಿನಲ್ಲಿ 'ಸಮಕ್ಕೆ ಮರಳುವುದು' ಎಂಬ ಮಾತಿತ್ತು. ಸಂಗೀತ ಬಲ್ಲವರಿಗೆ ಗೊತ್ತು: ತಾಳದ ಆವರ್ತದಲ್ಲಿ ಗಾಯಕನು ಎಲ್ಲೆಲ್ಲಿ ಸುತ್ತಾಡಿದರೂ ಸಮದ ಪೆಟ್ಟಿಗೆ ಬಂದು ಸೇರಲೇಬೇಕು. ಹಾಗೆಯೇ ಈ ಮರವೂ ಮರೆಯಾಗಿ ಮರೆಯಾಗಿ ತಿರುಗಿ ಬರುತ್ತದೆ.

ಇವರನ್ನು ಅಮೂರ್ತ ಅಭಿವ್ಯಕ್ತಿವಾದಿಗಳ ಪಂಕ್ತಿಗೆ ಸೇರಿಸುವುದು ಸರಿಯಲ್ಲ. ಇವರ ಚಿತ್ರಗಳಲ್ಲಿ ಆಕಾರಗಳು ಉಳಿದೇ ಇವೆ. ಆಕಾರವನ್ನೇ ಬಿಟ್ಟವರು ಬೇರೆ. ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕಿನಲ್ಲಿ ಜಾಕ್ಸನ್ ಪೊಲಾಕ್ ಎಂಬವರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತಲೂ ನಡೆಯುತ್ತ ಬಣ್ಣವನ್ನು ಸುರಿದರು. ಅವರು ಬದುಕಿರುವಾಗಲೇ ಅಲ್ಲಿಯ ಆಧುನಿಕ ಕಲಾ ಸಂಗ್ರಹಾಲಯವು ಒಂದು ಪ್ರದರ್ಶನವನ್ನು ಯೋಚಿಸಿತ್ತು. 1956ರ ಆಗಸ್ಟಿನಲ್ಲಿ ಅವರು ಮೋಟಾರು ಅಪಘಾತದಲ್ಲಿ ಸತ್ತುದರಿಂದ, ಡಿಸೆಂಬರಿನಲ್ಲಿ ಅದೇ ಸ್ಮಾರಕ ಪ್ರದರ್ಶನವಾಯಿತು. ನಮ್ಮ ದೇಶದಲ್ಲಿ ಈ ದಾರಿಗೆ ಸಮೀಪರಾದವರು ನಾಗಪುರದಲ್ಲಿ ಹುಟ್ಟಿದ ವಿ. ಎಸ್. ಗಾಯ್ತೊಂಡೆಯವರು. ಬಣ್ಣವನ್ನು ರೋಲರಿನಿಂದ ಹರಡುವುದು, ಒಂದು ಪದರವನ್ನು ತೆಗೆದು ಇನ್ನೊಂದನ್ನು ಇಡುವುದು, ಬಹುಕಾಲ ಸುಮ್ಮನೆ ನೋಡುತ್ತ ಕೂಡುವುದು ಅವರ ಪದ್ಧತಿ. ವರ್ಷಕ್ಕೆ ಕೆಲವೇ ಚಿತ್ರಗಳನ್ನು ಮುಗಿಸುತ್ತಿದ್ದರು. 2001ರಲ್ಲಿ ಅವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ, 2014ರಲ್ಲಿ, ನ್ಯೂಯಾರ್ಕಿನ ಗುಗ್ಗನ್‌ಹೈಮ್ ಸಂಗ್ರಹಾಲಯದಲ್ಲಿ ಅವರ ಸಿಂಹಾವಲೋಕನ ನಡೆಯಿತು.

"ಇದು ಯಾವುದರ ಚಿತ್ರ?" ಎಂದು ಇಂಥ ಕೃತಿಯ ಮುಂದೆ ಎಲ್ಲರೂ ಕೇಳುತ್ತಾರೆ. ಆದರೆ ಸಂಡೂರಿನ ಲಂಬಾಣಿ ತಾಯಂದಿರು ಕನ್ನಡಿ ಬಿಲ್ಲೆಗಳನ್ನೂ ಕವಡೆಗಳನ್ನೂ ಇಟ್ಟು ಹೊಲಿದ ಲಂಗವನ್ನು ನೋಡಿ ಯಾರಾದರೂ ಹಾಗೆ ಕೇಳಿರುವರೇ? 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ಸೇರಿದಾಗ ಸಂಡೂರು ಕುಶಲಕಲಾ ಕೇಂದ್ರದ ಸ್ತ್ರೀಯರ 1,755 ವಸ್ತುಗಳನ್ನು ಒಟ್ಟಿಗೆ ಇರಿಸಿದ್ದರು. ಚೌಕ, ತ್ರಿಕೋಣ, ಕೆಂಪು, ಹಳದಿ, ನೀಲಿ. ಮರವಿಲ್ಲ, ಮನೆಯಿಲ್ಲ, ಆದರೂ ಅರ್ಥವಾಗಲಿಲ್ಲವೆಂದು ಯಾರೂ ಹಿಂದಿರುಗಲಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣವನ್ನೂ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯನ್ನೂ ಬರೆದಿದ್ದಾರೆ. ಅಲ್ಲಿ ನಮ್ಮ ಕಣ್ಣು ಕಥೆಯನ್ನು ಹಿಡಿದು ನಡೆಯುತ್ತದೆ. ಕಥೆ ಇಲ್ಲದಲ್ಲಿ ಅದು ಬಣ್ಣವನ್ನೇ ಹಿಡಿದು ನಡೆಯಬೇಕು. ಅದಕ್ಕೆ ಅಭ್ಯಾಸವೂ ವೇಳೆಯೂ ಬೇಕು. ಆದುದರಿಂದ ಬಾಲಿಕೆಯರಿಗೆ ನಾನು ಕೊಟ್ಟ ಸೂಚನೆ ಇಷ್ಟೇ: ಎಲ್ಲವನ್ನೂ ನೋಡಬೇಡಿರಿ. ಮೂರು ಚಿತ್ರಗಳನ್ನು ಆರಿಸಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿರಿ. ಹೆಸರಿನ ಚೀಟಿಯನ್ನು ಕಡೆಗೆ ಓದಿರಿ.

ಕಂಪ್ಲಿಯ ಆ ಹುಡುಗಿ ಒಂದು ಮರದ ಮುಂದೆ ಅರ್ಧ ಗಂಟೆ ನಿಂತಿದ್ದಳು. ಮನೆಯಲ್ಲಿ ಹೇಳುವುದಕ್ಕೆ ಮಾತು ಬಾರದೆ ಇದ್ದುದು ಆಶ್ಚರ್ಯವಲ್ಲ.

ಆಕೆಯ ಹಿಂದೆ ನಿಂತಿದ್ದಾಗ ನನಗೆ ಬೇರೊಬ್ಬ ಹುಡುಗಿಯ ನೆನಪಾಯಿತು. ನಾನು ಸಹೋಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ 'ನಮ್ಮ ಊರು' ಎಂಬ ವಿಷಯ ಕೊಟ್ಟು ಚಿತ್ರ ಬರೆಯಿಸಿದೆನು. ಸಂಡೂರಿನ ಒಬ್ಬ ಬಾಲಿಕೆ ಹಾಳೆಯ ತುಂಬ ಕೆಂಪನ್ನು ಬಳಿದು, ಅದರ ಮೇಲೆ ಮತ್ತೆ ಕೆಂಪನ್ನು ಬಳಿದು, ನಡುವೆ ಉಗುರಿನಿಂದ ಕೆರೆದು ಸ್ವಲ್ಪ ಹಸಿರು ತೋರಿಸಿದ್ದಳು. "ಮನೆ ಎಲ್ಲಿ? ಗುಡ್ಡ ಎಲ್ಲಿ?" ಎಂದು ಕೇಳಿದೆನು. "ಟೀಚರಮ್ಮಾ, ಅದಿರಿನ ಲಾರಿ ಹೋದ ಮೇಲೆ ಹಿಂಗೇ ಕಾಣ್ತದ" ಎಂದಳು. ನಾನು ಇಪ್ಪತ್ತೈದಕ್ಕೆ ನಾಲ್ಕು ಅಂಕ ಕೊಟ್ಟು, ಅಂದವಿಲ್ಲವೆಂದು ಕೆಂಪು ಶಾಯಿಯಲ್ಲಿ ಬರೆದೆನು. ಅವಳು ಹಾಳೆಯನ್ನು ತೆಗೆದುಕೊಳ್ಳಲು ಬರಲೇ ಇಲ್ಲ. ಆಮೇಲೆ ನನ್ನ ತರಗತಿಯಲ್ಲಿ ಅವಳು ಬರೆದುದೆಲ್ಲ ಮನೆ, ಗುಡ್ಡ, ಗುಡ್ಡದ ನಡುವೆ ಸೂರ್ಯ.

ಬೆಂಗಳೂರಿನಿಂದ ಬಂದ ಮರುದಿನ ಹಳೆಯ ಕಟ್ಟುಗಳನ್ನು ಬಿಚ್ಚಿ ನೋಡಿದೆನು. ಆ ಹಾಳೆ ಸಿಕ್ಕಿತು. ಅದು ಈಗ ನನ್ನ ಕೋಣೆಯ ಬೀರುವಿನಲ್ಲಿ, ಮೇಲಿನ ಅರೆಯಲ್ಲಿದೆ. ಬರೆದವಳು ಈ ಸಂಚಿಕೆಯನ್ನು ಓದುತ್ತಿದ್ದರೆ ಬಂದು ತೆಗೆದುಕೊಂಡು ಹೋಗಲಿ; ಶನಿವಾರ ಮಧ್ಯಾಹ್ನ ನಾನು ಶಾಲೆಯಲ್ಲಿಯೇ ಇರುತ್ತೇನೆ.