ಅಟ್ಟದ ಕೊಬ್ಬರಿಯೂ ಋತುಮಾನದ ಅತಿಥಿಗಳೂ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ಇಲ್ಲಿಯ ರೈತನ ಮನೆಯನ್ನು ಹೊಕ್ಕು ತಲೆಯೆತ್ತಿ ನೋಡಿದರೆ ಅಟ್ಟದ ಮೇಲೆ ಸಿಪ್ಪೆ ಸುಲಿಯದ ತೆಂಗಿನಕಾಯಿಗಳ ರಾಶಿ ಕಾಣುತ್ತದೆ. ಚೆನ್ನಾಗಿ ಬಲಿತ ಕಾಯಿಯು ಅಲ್ಲಿ ಎಂಟರಿಂದ ಹನ್ನೆರಡು ತಿಂಗಳ ಕಾಲ ಇರುತ್ತದೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಅಲುಗಿಸಿದರೆ ಒಳಗೆ ಗಟಗಟನೆ ಸದ್ದಾಗುತ್ತದೆ. ಇದೇ ಉಂಡೆ ಕೊಬ್ಬರಿ. ಮಕ್ಕಳ ಓದು, ಮನೆಯ ಮದುವೆ, ಸಾಲದ ಕಂತು ಇವೆಲ್ಲವೂ ಆ ಅಟ್ಟವನ್ನೇ ನಂಬಿರುತ್ತವೆ.

ಈ ಕೊಬ್ಬರಿಯನ್ನು ಸಿದ್ಧಗೊಳಿಸುವುದು ಇಲ್ಲಿಯ ಒಣಹವೆ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಈ ಬಯಲುಸೀಮೆಯಲ್ಲಿ ಬೀಳುವುದು ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಹಸಿಯ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿದ್ದರೆ, ಒಳ್ಳೆಯ ಕೊಬ್ಬರಿಯಲ್ಲಿ ಉಳಿಯುವುದು ಶೇಕಡಾ ೬–೭ರಷ್ಟು ಮಾತ್ರ. ಆದರೆ ಕೊಬ್ಬರಿಯನ್ನು ಕಾಯುವ ಈ ಹವೆಯೇ ವರ್ಷದಲ್ಲಿ ನಾಲ್ಕಾರು ಬಾರಿ ಬದಲಾಗುತ್ತದೆ. ಅದು ಬದಲಾದಂತೆಲ್ಲ ಕರೆಯದ ಅತಿಥಿಗಳು ಮನೆಯ ಬಾಗಿಲಿಗೆ ಬರುತ್ತಾರೆ.

ಇರುವೆ, ನೊಣ, ಸೊಳ್ಳೆ, ಗೆದ್ದಲುಗಳು ಎಲ್ಲಿಂದಲೋ ಒಮ್ಮೆಗೇ ಹುಟ್ಟಿ ಬಂದವೆಂದು ಜನ ಭಾವಿಸುವುದುಂಟು. ಅದು ನಿಜವಲ್ಲ. ಮನುಷ್ಯನ ಮೈ ಬೇಸಿಗೆಯಲ್ಲಿಯೂ ಚಳಿಯಲ್ಲಿಯೂ ಒಂದೇ ಬಿಸುಪನ್ನು ಕಾಪಾಡಿಕೊಳ್ಳುತ್ತದೆ. ಕೀಟಗಳ ಮೈಗೆ ಈ ಶಕ್ತಿಯಿಲ್ಲ; ಸುತ್ತಲಿನ ಹವೆ ಬಿಸಿಯಾದರೆ ಅವುಗಳ ಮೈಯೂ ಬಿಸಿಯಾಗುತ್ತದೆ, ಬೆಳವಣಿಗೆ ಚುರುಕಾಗುತ್ತದೆ. ಸೆಖೆಗಾಲದಲ್ಲಿ ನೊಣದ ಮೊಟ್ಟೆ ಸುಮಾರು ಹತ್ತು ದಿನಗಳಲ್ಲಿ ರೆಕ್ಕೆಯ ನೊಣವಾಗುತ್ತದೆ. ಚಳಿಯಲ್ಲಿ ಅದಕ್ಕೆ ಒಂದು ತಿಂಗಳಿಗೂ ಹೆಚ್ಚು ಬೇಕಾಗಬಹುದು. ಹಲಸು ಮಾವುಗಳ ಕಾಲದಲ್ಲಿ ನೊಣಗಳು ಮುತ್ತುವುದಕ್ಕೆ ಹಣ್ಣಿನ ಸಿಹಿಯೊಂದೇ ಕಾರಣವಲ್ಲ, ಬಿಸಿಲೂ ಕಾರಣ.

ಬೇಸಿಗೆಯಲ್ಲಿ ಹೊಲ ಒಣಗಿದಾಗ ಇರುವೆಗಳು ನೀರನ್ನರಸಿ ಬಚ್ಚಲಿಗೂ ಕುಡಿಯುವ ನೀರಿನ ಕೊಡದ ಬಳಿಗೂ ಸಾಲುಗಟ್ಟುತ್ತವೆ. ಮಳೆ ಬಿದ್ದಾಗ ಗೂಡಿಗೆ ನೀರು ನುಗ್ಗುವುದರಿಂದ ಮೊಟ್ಟೆಗಳನ್ನು ಕಚ್ಚಿಕೊಂಡು ಗೋಡೆಯ ಬಿರುಕುಗಳನ್ನು ಸೇರುತ್ತವೆ. ಒಮ್ಮೆ ನೀರಿನ ಕೊರತೆ, ಇನ್ನೊಮ್ಮೆ ನೀರಿನ ಕಾಟ. ಎರಡಕ್ಕೂ ಅವು ಕಂಡುಕೊಂಡ ಪರಿಹಾರ ಮನುಷ್ಯನ ಮನೆ.

ಮುಂಗಾರಿನ ಮೊದಲ ಹದಮಳೆಯಾದ ಸಂಜೆ ಈಸಲು ಹುಳುಗಳು ದೀಪವನ್ನು ಮುತ್ತುತ್ತವೆ. ಇವು ರೆಕ್ಕೆ ಮೂಡಿದ ಗೆದ್ದಲುಗಳು. ಸ್ವಲ್ಪ ಹೊತ್ತಿನಲ್ಲೇ ರೆಕ್ಕೆ ಕಳಚಿ, ಗಂಡು ಹೆಣ್ಣುಗಳು ಜೊತೆಯಾಗಿ ನೆನೆದ ಮಣ್ಣಿನಲ್ಲಿ ಹೊಸ ಗೂಡನ್ನು ಆರಂಭಿಸುತ್ತವೆ. ಗೆದ್ದಲಿನ ಮೈ ಬಹು ಮೃದು. ಒಣಗಾಳಿಗೆ ಅದು ಬತ್ತಿಹೋಗುತ್ತದೆ. ಆದುದರಿಂದಲೇ ಅದು ಗೋಡೆಯ ಮೇಲೆ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು, ಅದರ ಮರೆಯಲ್ಲಿ ಅಟ್ಟದ ತೊಲೆಯವರೆಗೂ ಏರುತ್ತದೆ. ಬೆರಳಗಲದ ಮಣ್ಣಿನ ಗೆರೆಯನ್ನು ಕಂಡ ದಿನವೇ ಕೆರೆದು ತೆಗೆದು, ಅದು ಹೊರಟ ಬಿರುಕನ್ನು ಮುಚ್ಚುವ ಮನೆಯಲ್ಲಿ ತೊಲೆ ಉಳಿಯುತ್ತದೆ. ಕಂಡೂ ಕಾಣದಂತಿದ್ದರೆ ಕೊಬ್ಬರಿಯ ಭಾರವನ್ನು ಹೊತ್ತ ಮರವೇ ಒಳಗಿನಿಂದ ಟೊಳ್ಳಾಗುತ್ತದೆ.

ಮಳೆಗಾಲದ ಇನ್ನೊಂದು ಅಪಾಯ ಅಂಗಳದಲ್ಲಿದೆ. ಕೊಬ್ಬರಿ ತೆಗೆದ ಮೇಲೆ ಬಿದ್ದಿರುವ ಚಿಪ್ಪುಗಳು ಮಳೆನೀರಿಗೆ ಪುಟ್ಟ ಬಟ್ಟಲುಗಳಾಗುತ್ತವೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಒಂದು ವಾರ, ಹತ್ತು ದಿನಗಳಲ್ಲಿ ಅದರ ಸಂತಾನ ಹಾರಾಡುತ್ತದೆ. ಅದರ ಮೊಟ್ಟೆಗಳು ಒಣಗಿದ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮಳೆ ಬಂದೊಡನೆ ಒಡೆಯುತ್ತವೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಇದಕ್ಕಿಂತ ಬಹಳ ಹಿಂದೆ, ೧೮೮೩ರಲ್ಲಿ, ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಬೆಂಗಳೂರಿನಲ್ಲಿದ್ದಾಗ ನಿಂತ ನೀರನ್ನು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದೆಂಬುದನ್ನು ಗಮನಿಸಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದವರೂ ಅವರೇ. ಚಿಪ್ಪುಗಳನ್ನು ಮಳೆಗೆ ಮೊದಲೇ ಸಾಗಿಸುವುದು, ಇಲ್ಲವೇ ಬೋರಲು ಹಾಕುವುದು ಅದೇ ಪಾಠದ ಆಚರಣೆ.

ಹಿಂಗಾರು ಮುಗಿದು ರಾಗಿಯ ಕುಯ್ಲಾಗುತ್ತಲೇ ಹೊಲ ಬರಿದಾಗುತ್ತದೆ. ಅಲ್ಲಿ ಉಂಡು ಬೆಳೆದ ಇಲಿಗಳು ಕಣಜವನ್ನೂ ಮನೆಯನ್ನೂ ಅರಸಿ ಬರುತ್ತವೆ. ಅಟ್ಟದ ಇಲಿಗಂತೂ ತೆಂಗಿನ ಮರವನ್ನು ಹತ್ತುವುದೂ ಲೀಲೆ. ಅದರ ಬಾಚಿಹಲ್ಲುಗಳು ಜೀವವಿರುವವರೆಗೆ ಬೆಳೆಯುವುದರಿಂದ ಕಡಿಯದೆ ಅದಕ್ಕೆ ಗತಿಯಿಲ್ಲ. ಮರದ ಕಾಂಡಕ್ಕೆ ನುಣುಪಾದ ತಗಡಿನ ಪಟ್ಟಿಯನ್ನು ಸುತ್ತಿದರೆ ಅದು ಜಾರಿ ಬೀಳುತ್ತದೆ. ಸೂರಿನ ಸಂದುಗಳನ್ನು ಮುಚ್ಚಿದರೆ ಅಟ್ಟದ ದಾರಿ ತಪ್ಪುತ್ತದೆ. ಇಲಿಯನ್ನು ತಿನ್ನುವ ಕೇರೆಹಾವನ್ನೂ ಗೂಬೆಯನ್ನೂ ಭಯದಿಂದ ಕೊಂದವನು ತನ್ನ ಕಾವಲುಗಾರನನ್ನೇ ಕೊಂದಂತೆ.

ಮಾಗಿಯ ಚಳಿಯಲ್ಲಿ ಕೀಟಗಳ ಚಟುವಟಿಕೆ ಮಂದವಾಗುತ್ತದೆ. ಜಿರಳೆಗಳು ಒಲೆಯ ಬೆಚ್ಚನೆಯ ಮೂಲೆಯನ್ನು ಹಿಡಿಯುತ್ತವೆ. ಪೀಡೆ ತೊಲಗಿತೆಂದು ಮನೆಯವರು ನಿಶ್ಚಿಂತರಾಗುವುದು ಈ ಕಾಲದಲ್ಲಿಯೇ. ಆದರೆ ಜಾಣರಾದ ಗೃಹಸ್ಥರು ಹೆಂಚುಗಳ ಬಿರುಕನ್ನು ಸರಿಪಡಿಸುವುದನ್ನೂ ಗೋಡೆಯ ತೂತುಗಳನ್ನು ಮೆತ್ತುವುದನ್ನೂ ಆಗಲೇ ಆರಂಭಿಸಿ ಬೇಸಿಗೆ ಕಳೆಯುವುದರೊಳಗೆ ಮುಗಿಸುತ್ತಾರೆ. ಹೆಂಚು ಸೋರಿ ಕಾಯಿ ನೆನೆದರೆ ಕೊಬ್ಬರಿ ಕೆಡುತ್ತದೆ. ಒಡೆದು ತೆಗೆದ ಕೊಬ್ಬರಿಗೆ ತೇವ ತಗಲಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಬೆನ್ನಿಗೇ ದುಂಬಿಗಳು ಸೇರುತ್ತವೆ.

ಪೀಡೆ ಹೆಚ್ಚಿದ ಮೇಲೆ ವಿಷದ ಪುಡಿಯನ್ನು ಎರಚುವುದು ಸುಲಭವಾಗಿ ತೋರಬಹುದು. ಆದರೆ ಅಟ್ಟದ ಮೇಲಿರುವುದು ಆಹಾರ. ಅಟ್ಟದ ಕೆಳಗೆ ಮಲಗುವುದು ಮಕ್ಕಳು. ಎರಚಿದ ವಿಷಕ್ಕೆ ಇಲಿಗೂ ಕೂಸಿಗೂ ಭೇದ ತಿಳಿಯದು. ಹದಿನೈದು ದಿನ ಮೊದಲೇ ಹಿಡಿದ ಪೊರಕೆ ಮಾಡುವ ಕೆಲಸವನ್ನು ಹದಿನೈದು ದಿನ ತಡವಾಗಿ ತಂದ ವಿಷ ಮಾಡಲಾರದು.

ಋತುಗಳನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅವುಗಳ ಬರವನ್ನು ಮೊದಲೇ ಅರಿಯುವ ಬುದ್ಧಿ ಅವನಿಗುಂಟು. ಮಳೆಯ ನಕ್ಷತ್ರವನ್ನೆಣಿಸಿ ಬಿತ್ತನೆಗೆ ಅಣಿಯಾಗುವ ರೈತನು ಅದೇ ಎಣಿಕೆಯಿಂದ ಮನೆಯನ್ನೂ ಅಣಿಗೊಳಿಸಿದರೆ, ವರ್ಷದ ದುಡಿಮೆ ಅಟ್ಟದಿಂದ ಕ್ಷೇಮವಾಗಿ ಕೆಳಗಿಳಿಯುತ್ತದೆ.