ಕಾಯುವ ಕಾಲವೂ ಸಾಧನೆಯ ಕಾಲವೇ

ಕಾಯುವಿಕೆಯಿಲ್ಲದ ದಿನವೊಂದು ನಮ್ಮ ಬಾಳಿನಲ್ಲಿ ಇರಲಾರದು. ಬಸ್ಸು ಬರುವವರೆಗೆ, ಪಡಿತರದ ಸರದಿ ಸಲ್ಲುವವರೆಗೆ, ಹೆಪ್ಪು ಹಾಕಿದ ಹಾಲು ಮೊಸರಾಗುವವರೆಗೆ ಕಾಯಲೇಬೇಕು. ಕಾಯುವುದು ಅನಿವಾರ್ಯ, ಹೇಗೆ ಕಾಯಬೇಕೆಂಬುದು ಮಾತ್ರ ನಮಗೆ ಬಿಟ್ಟದ್ದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಆದರೆ ತಾಳುವುದೆಂದರೆ ಕೈಕಟ್ಟಿ ಕುಳಿತಿರುವುದೇ ಎಂಬುದು ವಿಚಾರಣೀಯವಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆನು. ಪರೀಕ್ಷೆಯ ಫಲಿತಾಂಶ ಅಂದು ತಿಳಿಯಬೇಕಿತ್ತು. ಎರಡು ಗಂಟೆ ಕಳೆದರೂ ಕರೆ ಬರಲಿಲ್ಲ. ನಾನು ಮೂರು ಬಾರಿ ಎದ್ದು ಹೋಗಿ, ಚೀಟಿ ಕೊಡುವ ಹುಡುಗಿಯನ್ನು ಗದರಿಸಿ ಬಂದೆನು. ತಾಯಿಯವರಾದರೋ ಚೀಲದಿಂದ ಹತ್ತಿಯನ್ನು ತೆಗೆದು ಹೂಬತ್ತಿ ಮಾಡುತ್ತಿದ್ದರು. ಪಕ್ಕದಲ್ಲಿದ್ದ ವೃದ್ಧರೊಬ್ಬರ ಸರದಿ ತಪ್ಪಿಹೋದುದು ಅವರ ಗಮನಕ್ಕೆ ಬಂದಿತು. ಒಡನೆ ಎದ್ದು ಅದೇ ಹುಡುಗಿಯ ಬಳಿ ಹೋಗಿ, “ತಾಯೀ, ಇವರ ಹೆಸರು ಬಿಟ್ಟುಹೋಗಿದೆ, ನೋಡಮ್ಮಾ” ಎಂದರು. ಆಕೆ ಕೂಡಲೇ ಸರಿಪಡಿಸಿದಳು.

“ನಿಮಗೆ ಆತಂಕವೇ ಇಲ್ಲವೇ ಅಮ್ಮ?” ಎಂದು ಕೇಳಿದೆನು. “ಇಲ್ಲದೆ ಏನಪ್ಪಾ? ಮನಸ್ಸು ನಿಲ್ಲಲಿಲ್ಲ, ಅದಕ್ಕೇ ಕೈಗೆ ಕೆಲಸ ಕೊಟ್ಟೆ” ಎಂದರು. ಫಲಿತಾಂಶ ಹಿತಕರವಾಗಿರಲಿಲ್ಲ. ಮುಂದೆ ಎಂಟು ತಿಂಗಳು ಅದೇ ಬೆಂಚಿನ ಮೇಲೆ ನಾವು ಕಾಯಬೇಕಾಯಿತು. ಆ ಅವಧಿಯಲ್ಲಿ ನಾನು ಕಲಿತದ್ದು, ತಾಳ್ಮೆಯೆಂದರೆ ಭಯವಿಲ್ಲದಿರುವುದಲ್ಲ, ಭಯವನ್ನು ಇತರರ ಮೇಲೆ ಹರಿಯಬಿಡದಿರುವುದು ಎಂಬುದನ್ನು.

ಈ ಬಗೆಯ ಕಾಯುವಿಕೆಗೆ ನಮ್ಮ ಪರಂಪರೆಯಲ್ಲಿ ಹಿರಿಯ ನಿದರ್ಶನಗಳುಂಟು. ಭರತನು ನಂದಿಗ್ರಾಮದಲ್ಲಿ 14 ವರ್ಷ ಅಣ್ಣನಿಗಾಗಿ ಕಾದನು; ಪಾದುಕೆಗಳನ್ನು ಮುಂದಿರಿಸಿಕೊಂಡು ರಾಜ್ಯಭಾರವನ್ನೂ ನಿರ್ವಹಿಸಿದನು. ಆದ್ದರಿಂದಲೇ ಶ್ರೀರಾಮನು ಮರಳಿದಾಗ ಒಪ್ಪಿಸಲು ಸುಸ್ಥಿತಿಯಲ್ಲಿದ್ದ ರಾಜ್ಯವೊಂದಿತ್ತು.

ಉಡುಪಿಯ ಪರ್ಯಾಯಕ್ರಮವೂ ಇದನ್ನೇ ಬೋಧಿಸುತ್ತದೆ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ಶ್ರೀವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಮಠಗಳು 8 ಇರುವುದರಿಂದ ಒಂದು ಮಠದ ಪರ್ಯಾಯ ಮುಗಿದ ಮೇಲೆ ಮುಂದಿನದಕ್ಕೆ 14 ವರ್ಷಗಳ ಅಂತರ. ಸರದಿ ಸಮೀಪಿಸುತ್ತಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನೆರವೇರುತ್ತವೆ. ಬಾಳೆಯ ಸಸಿಯನ್ನು ಮುಂಚಿತವಾಗಿಯೇ ನೆಡುತ್ತಾರೆ. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ನಾಳಿನ ಅನ್ನದಾನಕ್ಕೆ ಬೇಕಾದುದು ಇಂದೇ ಸಿದ್ಧವಾಗುತ್ತದೆ. ಅಲ್ಲಿ ಕಾಯುವುದೆಂದರೆ ಅಣಿಯಾಗುವುದು.

ಆದ್ದರಿಂದ ಕಾಯುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ನನ್ನ ಯತ್ನದಿಂದ ಇದು ಬೇಗ ಆಗಬಲ್ಲುದೇ? ಆಗುವುದಾದರೆ ವಿನಯದಿಂದ ಯತ್ನಿಸಬೇಕು. ಅನ್ಯಾಯವನ್ನು ಕಂಡೂ ಸುಮ್ಮನಿರುವುದು ತಾಳ್ಮೆಯಲ್ಲ. ಆಗದಿದ್ದರೆ, ಈ ಹೊತ್ತಿನಲ್ಲಿ ಮಾಡಬಹುದಾದ ಸಣ್ಣ ಕೆಲಸ ಯಾವುದು? ನಾಮಸ್ಮರಣೆಗಾದರೂ ಎಡೆಯಿದ್ದೇ ಇದೆ. ಕಡೆಯದಾಗಿ, ನನ್ನೊಡನೆ ಕಾಯುತ್ತಿರುವ ಇನ್ನೊಬ್ಬರ ಅವಸರ ನನ್ನದಕ್ಕಿಂತ ದೊಡ್ಡದಲ್ಲವೇ? ಇದನ್ನು ಮಕ್ಕಳಿಗೆ ಮಾತಿನಿಂದ ಕಲಿಸಲಾಗದು. ಸಾಲಿನಲ್ಲಿ ನಿಂತ ತಂದೆತಾಯಿಯರ ಮುಖವನ್ನು ನೋಡಿಯೇ ಅವರು ಕಲಿಯುತ್ತಾರೆ.

ತಾಯಿಯವರು ಅಂದು ಮಾಡಿದ ಬತ್ತಿಗಳು ಸಂಜೆ ದೇವರ ಮುಂದೆ ಉರಿದವು. ನಾನು ಕಳೆದ ಆ ಎರಡು ಗಂಟೆಗಳಿಂದ ಉಳಿದದ್ದು ಹುಡುಗಿಯೊಬ್ಬಳ ಸಪ್ಪಗಾದ ಮುಖ ಮಾತ್ರ. ಕಾಲವು ಇಬ್ಬರಿಗೂ ಒಂದೇ ಆಗಿತ್ತು.